ಡಿ ಡ್ರೈವ್ ಉಳಿಯುತ್ತಾ, ತಂಗಿ?

ಈ ತಿಂಗಳ ಪತ್ರಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತಾಗ ಅಂಗಡಿಯ ಹುಡುಗ ಇಣುಕಿ ನೋಡಿದ. "ಎಲ್ಲರದ್ದೂ ಒಂದೇ ಕಾಯಿಲೆ ಅಲ್ವಾ ಅಕ್ಕಾ?" ಅಂದ. ಹೌದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅವತ್ತಿನಿಂದ ನಮ್ಮ ತಿಪಟೂರಿನ ಅಂಗಡಿಗೂ ಇದೇ ಕೆಲಸ ಬರುತ್ತಿದೆ, ಪತ್ರದಲ್ಲೂ ಇದೇ ಪ್ರಶ್ನೆ. ಜನ ಪೆನ್‌ಡ್ರೈವ್ ಚುಚ್ಚುತ್ತಾರೆ, ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾ ಹೋಗುತ್ತಾರೆ, ಡ್ರೈವ್ ಆರಿಸುವ ಪರದೆ ಬಂದಲ್ಲಿ ಗಾಡಿ ಕೆಸರಿಗೆ ಇಳಿಯುತ್ತದೆ. ಆದ್ದರಿಂದ ಈ ಸಲ ಪ್ರಿಂಟರು, ವೈಫೈ ಎಲ್ಲ ಪಕ್ಕಕ್ಕೆ. ಪೂರ್ತಿ ಪಾರ್ಟಿಷನ್ನಿನ ಪುರಾಣ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಹಾಕಬೇಕು.

ಪ್ರಶ್ನೆ: ತಂಗಿ, 2018ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ನನ್ನದು. ಎಂಟನೇ ತಲೆಮಾರಿನ ಐ3, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಒಂದೇ ಡಿಸ್ಕಿನಲ್ಲಿ ಸಿ ಮತ್ತು ಡಿ. ವಿಂಡೋಸ್ 11 ಹೊಸದಾಗಿ ಹಾಕಲು ಹೋದರೆ, "ಈ ಡಿಸ್ಕಿನಲ್ಲಿ ಎಂಬಿಆರ್ ಟೇಬಲ್ ಇದೆ, ಇಎಫ್‌ಐ ಸಿಸ್ಟಮ್‌ನಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು" ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತಿದೆ. ಪಕ್ಕದ ಮನೆ ಹುಡುಗ "ಎಲ್ಲಾ ಡಿಲೀಟ್ ಹೊಡೆದ್ರೆ ಸರಿಹೋಗುತ್ತೆ ಸಾರ್" ಅಂತಾನೆ. ಡಿ ಡ್ರೈವಿನಲ್ಲಿ ದೊಡ್ಡ ಮಗಳ ಮದುವೆ ಫೋಟೋ, ನಾನು ನುಡಿಯಲ್ಲಿ ಟೈಪ್ ಮಾಡಿದ ಪಾಠದ ಟಿಪ್ಪಣಿ ಎಲ್ಲ ಇವೆ. ಡಿ ಉಳಿಯುತ್ತಾ?
— ನಿವೃತ್ತ ಮೇಷ್ಟ್ರು, ಅರಸೀಕೆರೆ ತಾಲ್ಲೂಕು

ಉತ್ತರ: ಉಳಿಯುತ್ತದೆ ಮೇಷ್ಟ್ರೇ. ಆದರೆ ಈ ಪುಟ ಓದಿ ಮುಗಿಸುವ ತನಕ ಆ ಹುಡುಗನ ಕೈಗೆ ಮೌಸ್ ಕೊಡಬೇಡಿ.

ನಿಮ್ಮ ಕಡೆ ತೋಟ ಇದ್ದವರಿಗೆ ಪಹಣಿ, ಪೋಡಿ ಹೊಸದಲ್ಲ. ಒಂದು ಸರ್ವೆ ನಂಬರಿನ ಜಮೀನನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ತೆಂಗಿನ ಮರ ಇದ್ದಲ್ಲೇ ಇರುತ್ತದೆ. ಯಾರ ಹಿಸ್ಸೆ ಎಲ್ಲಿಂದ ಎಲ್ಲಿಗೆ ಅನ್ನುವುದು ದಾಖಲೆಗೆ ಹತ್ತುತ್ತದೆ, ಅಷ್ಟೆ. ನಿಮ್ಮ ಸಿ, ಡಿ ಕೂಡ ಹೀಗೆ ಪೋಡಿಯಾದ ಪಾಲುಗಳು. ಆ ದಾಖಲೆಯ ಹೆಸರೇ ಪಾರ್ಟಿಷನ್ ಟೇಬಲ್.

ಈ ದಾಖಲೆ ಬರೆಯುವುದಕ್ಕೆ ಎರಡು ಪದ್ಧತಿ ಇದೆ. ಎಂಬಿಆರ್ ಅನ್ನುವುದು 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಹಳೆ ಪುಸ್ತಕ. ಡಿಸ್ಕಿನ ಮೊದಲ 512 ಬೈಟ್‌ನಲ್ಲೇ ಎಲ್ಲ ಮುಗಿಯಬೇಕು. ಅದರಲ್ಲಿ ಪಾಲಿನ ಲೆಕ್ಕಕ್ಕೆ ಸಿಗುವುದು ಬರೀ 64 ಬೈಟ್. ಒಂದೊಂದಕ್ಕೆ 16 ಬೈಟ್, ಹಾಗಾಗಿ ನಾಲ್ಕೇ ಸಾಲು. ಸಾಮಾನ್ಯ ಡಿಸ್ಕಿನಲ್ಲಿ 2 ಟಿಬಿ ದಾಟಿದ ಜಾಗವನ್ನು ಬರೆದುಕೊಳ್ಳಲೂ ಅದಕ್ಕೆ ಆಗುವುದಿಲ್ಲ. ಜಿಪಿಟಿ ಹೊಸ ಪುಸ್ತಕ. ವಿಂಡೋಸ್‌ನಲ್ಲಿ 128 ಪಾಲಿನ ತನಕ ಹಿಡಿಯುತ್ತದೆ. ಇನ್ನೊಂದು ನಕಲು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಟ್ಟುಕೊಂಡಿರುತ್ತದೆ. ನನಗೆ ಜಿಪಿಟಿ ಇಷ್ಟವಾಗುವುದೇ ಆ ನಕಲು ಪ್ರತಿಗಾಗಿ.

ಕಂಪ್ಯೂಟರ್ ಏಳುವುದಕ್ಕೂ ಎರಡು ದಾರಿ. ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ವಿಂಡೋಸ್ ಮಟ್ಟಿಗೆ ಲೆಗಸಿಯಲ್ಲಿ ಎದ್ದರೆ ಎಂಬಿಆರ್ ಬೇಕು, ಯುಇಎಫ್‌ಐನಲ್ಲಿ ಎದ್ದರೆ ಜಿಪಿಟಿ ಬೇಕು. ನಿಮಗೆ 2018ರಲ್ಲಿ ಹಾಕಿಕೊಟ್ಟವರು ಲೆಗಸಿಯಲ್ಲಿ ಹಾಕಿದ್ದಾರೆ. ಆಗ ಎಷ್ಟೋ ಅಂಗಡಿಯಲ್ಲಿ ಅದೇ ರೂಢಿ, ನಾನೂ ಹಾಕಿದ್ದೇನೆ. ಈಗ ನಿಮ್ಮ ಪೆನ್‌ಡ್ರೈವ್ ಯುಇಎಫ್‌ಐ ದಾರಿಯಲ್ಲಿ ಎದ್ದಿದೆ. ಎದುರಿಗೆ ಹಳೆ ಪುಸ್ತಕ ಸಿಕ್ಕಿದೆ. ಡಿಸ್ಕ್ ಕೆಟ್ಟಿಲ್ಲ.

ಯಾರಾದರೂ ನಿಮಗೆ ಇನ್ನೊಂದು ಉಪಾಯ ಹೇಳಿಯೇ ಹೇಳುತ್ತಾರೆ. ಯಾವುದರಿಂದ ಏಳಬೇಕು ಅಂತ ಆರಿಸುವ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಇಲ್ಲದ್ದನ್ನು ಆರಿಸಿದರೆ ಈ ತಕರಾರು ಬರುವುದಿಲ್ಲ ಅಂತ. ವಿಂಡೋಸ್ 10ಕ್ಕೆ ಆ ಮಾತು ಸರಿ. ವಿಂಡೋಸ್ 11 ಕೇಳುವುದೇ ಯುಇಎಫ್‌ಐ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಅಡ್ಡದಾರಿ ಹಿಡಿದು ಹಾಕಿಕೊಂಡರೆ ಮುಂದೆ ಅಪ್‌ಡೇಟ್ ಬಂದಾಗ ಪರದಾಟ.

ನಿಮ್ಮ ಮನೆಯಲ್ಲಿ ವಿಂಡೋಸ್ 10 ಇನ್ನೂ ಏಳುತ್ತಿದೆ ಅಂತ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಕೆಲಸ ಸುಲಭ. ಹಳೆ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಲೆಕ್ಕ ಇಳಿಸುವ ಒಂದು ಸಾಧನ 2017ರ 1703 ಆವೃತ್ತಿಯಿಂದ ವಿಂಡೋಸ್ 10ರೊಳಗೇ ಇದೆ. ಹೆಸರು ಎಂಬಿಆರ್2ಜಿಪಿಟಿ, ನಡುವೆ ಅಂಕಿ 2, ಎಲ್ಲ ಸೇರಿಸಿ ಒಂದೇ ಪದ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆ ಪದ, ಸ್ಪೇಸ್, ಸ್ಲ್ಯಾಶ್ ವ್ಯಾಲಿಡೇಟ್, ಸ್ಪೇಸ್, ಸ್ಲ್ಯಾಶ್ ಡಿಸ್ಕ್ ಕೋಲನ್ ಸೊನ್ನೆ, ಸ್ಪೇಸ್, ಸ್ಲ್ಯಾಶ್ ಅಲೋಫುಲ್‌ಓಎಸ್ ಅಂತ ಹೊಡೆಯಿರಿ. ಇದು ಬರೀ ಪರೀಕ್ಷೆ, ಏನನ್ನೂ ಮುಟ್ಟುವುದಿಲ್ಲ. ಪಾಸಾಯಿತು ಅಂದರೆ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಅಂತ ಹಾಕಿ ಮತ್ತೊಮ್ಮೆ ಹೊಡೆಯಿರಿ. ಸಿಯೂ ಡಿಯೂ ಇದ್ದಲ್ಲೇ ಇರುತ್ತವೆ, ಪುಸ್ತಕ ಮಾತ್ರ ಬದಲು.

ಪರೀಕ್ಷೆಯಲ್ಲಿ ಫೇಲಾದರೆ? ಸಾಮಾನ್ಯ ಕಾರಣ ಒಂದೇ. ಈ ಸಾಧನ ಮೂರು ಪ್ರೈಮರಿ ಪಾರ್ಟಿಷನ್ ತನಕ ಮಾತ್ರ ಒಪ್ಪುತ್ತದೆ, ಎಕ್ಸ್‌ಟೆಂಡೆಡ್ ಅನ್ನುವುದು, ಅಂದರೆ ಒಳಗೆ ಮತ್ತೆ ಪಾಲು ಮಾಡಿಕೊಂಡ ದೊಡ್ಡ ಪಾಲು, ಇದ್ದರೆ ಒಪ್ಪುವುದೇ ಇಲ್ಲ. ವಿಂಡೋಸ್ ತಾನೇ ಮಾಡಿಕೊಂಡ ಸಣ್ಣ ಪಾಲು, ಸಿ, ಡಿ ಸೇರಿದರೆ ಅಲ್ಲಿಗೆ ಮೂರಾಯಿತು. ಡಿ ಜೊತೆ ಇ ಅಂತ ಇನ್ನೊಂದು ಮಾಡಿಸಿಕೊಂಡವರಿಗೆ ಇಲ್ಲೇ ಅಡ್ಡಿ. ಅವರು ಡೇಟಾ ಬೇರೆ ಕಡೆ ತೆಗೆದಿಟ್ಟು ಡಿಸ್ಕನ್ನು ಖಾಲಿ ಮಾಡಿಯೇ ಶುರು ಮಾಡಬೇಕು.

ಕನ್ವರ್ಟ್ ಆದ ಕೂಡಲೇ ರೀಸ್ಟಾರ್ಟ್ ಮಾಡಿ ಬಯೋಸಿಗೆ, ಅಂದರೆ ವಿಂಡೋಸ್ ಏಳುವ ಮೊದಲೇ ಸಿಗುವ ಸೆಟ್ಟಿಂಗ್ಸ್ ಪರದೆಗೆ ಹೋಗಿ. ಲೆಗಸಿ ಅಥವಾ ಸಿಎಸ್‌ಎಂ ಅಂತ ಇರುವುದನ್ನು ಆಫ್ ಮಾಡಿ. ಇದನ್ನು ಮರೆತವರು "ಕಂಪ್ಯೂಟರ್ ಸತ್ತೇಹೋಯ್ತು" ಅಂತ ಸಿಪಿಯು ಹೊತ್ತುಕೊಂಡು ಬರುತ್ತಾರೆ. ಅಲ್ಲೇ ಪಿಟಿಟಿ ಅಂತ ಇದ್ದರೆ ಆನ್ ಮಾಡಿ, ನಿಮ್ಮ ಇಂಟೆಲ್ ಪ್ರೊಸೆಸರಿನಲ್ಲಿ ಟಿಪಿಎಂ ಕೆಲಸ ಅದು ಮಾಡುತ್ತದೆ. ಒಂದು ಸಲ ವಿಂಡೋಸ್ 10ನ್ನೇ ಏಳಿಸಿ, ಡಿ ತೆರೆದು ಮದುವೆ ಫೋಟೋ ನೋಡಿ. ಆಮೇಲೆ ಪೆನ್‌ಡ್ರೈವ್ ಚುಚ್ಚಿ. ಡ್ರೈವ್ ಆರಿಸುವ ಪರದೆಯಲ್ಲಿ ಸಿ ಇದ್ದ ಪಾಲನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಅದನ್ನೇ ಆರಿಸಿ ನೆಕ್ಸ್ಟ್ ಒತ್ತಿ. ಅಲ್ಲಿ ಸಿ, ಡಿ ಅಂತ ಹೆಸರು ಕಾಣುವುದಿಲ್ಲ, ಪಾರ್ಟಿಷನ್ 1, 2, 3 ಅಂತ ಇರುತ್ತದೆ. ಅದಕ್ಕೇ ಈಗಲೇ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 100 ಎಂಬಿ, 500 ಎಂಬಿಯ ಸಣ್ಣಪುಟ್ಟ ಪಾಲು ಕಂಡರೆ ಅವು ವಿಂಡೋಸಿನ ಸ್ವಂತ ಸಾಮಾನು, ಅಲ್ಲೇ ಬಿಡಿ.

ಇಷ್ಟು ಹೇಳಿದ ಮೇಲೂ ಫೋಟೋಗಳನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಮೊದಲೇ ಹಾಕಿಕೊಳ್ಳಿ ಅನ್ನುತ್ತೇನೆ. ಕನ್ವರ್ಟ್ ನಡೆಯುವಾಗ ಕರೆಂಟ್ ಹೋದರೆ ನಾನಾಗಲಿ ಮೈಕ್ರೋಸಾಫ್ಟ್ ಆಗಲಿ ಬಂದು ನಿಲ್ಲುವುದಿಲ್ಲ.

ಇನ್ನೆರಡು ವಿಷಯ. ಡೆಸ್ಕ್‌ಟಾಪ್ ಮೇಲಿರುವುದು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಇವೆಲ್ಲ ಸಿ ಡ್ರೈವಿನೊಳಗೇ ಇರುತ್ತವೆ. "ಡೆಸ್ಕ್‌ಟಾಪ್ ಅಂದ್ರೆ ಪರದೆ ಮೇಲಿತ್ತಲ್ಲಮ್ಮಾ, ಅದು ಸಿ ಹೇಗಾಗುತ್ತೆ?" ಅಂತ ಒಬ್ಬರು ಅಳುವಷ್ಟಕ್ಕೆ ಬಂದಿದ್ದರು. ನುಡಿಯ ಫಾಂಟ್‌ಗಳೂ ಸಿಯಲ್ಲಿ, ವಿಂಡೋಸ್ ಫೋಲ್ಡರಿನ ಫಾಂಟ್ಸ್ ಒಳಗೆ ಇವೆ. ಯೂನಿಕೋಡ್ ಅಲ್ಲದ ಹಳೆ ನುಡಿ ಫೈಲ್ ಆದರೆ, ಫಾಂಟ್ ಇಲ್ಲದೆ ತೆರೆದಾಗ ನಿಮ್ಮ ಟಿಪ್ಪಣಿಯೆಲ್ಲ ಇಂಗ್ಲಿಷ್ ಅಕ್ಷರದ ಚಿತ್ರಾನ್ನದ ಹಾಗೆ ಕಾಣುತ್ತದೆ. ಫಾಂಟ್‌ಗಳನ್ನೂ ಡಿಗೆ ಕಾಪಿ ಮಾಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಡಿಪ್ಲೊಮಾ ಓದುತ್ತಿದ್ದೇನೆ. 12ನೇ ತಲೆಮಾರಿನ ಐ5 ಲ್ಯಾಪ್‌ಟಾಪ್, 512 ಜಿಬಿ ಎಸ್‌ಎಸ್‌ಡಿ. ಸ್ಲೋ ಆಯಿತೆಂದು ವಿಂಡೋಸ್ 11 ಫ್ರೆಶ್ಶಾಗಿ ಹಾಕಲು ಹೋದೆ. ಡ್ರೈವ್ ಆರಿಸುವ ಜಾಗ ಪೂರ್ತಿ ಖಾಲಿ. ಡ್ರೈವೇ ಸಿಗಲಿಲ್ಲ, ಡ್ರೈವರ್ ಕೊಡಿ ಅನ್ನುತ್ತದೆ. ರೂಮ್‌ಮೇಟ್ "ಎಸ್‌ಎಸ್‌ಡಿ ಹೋಯ್ತು ಬಿಡು" ಅನ್ನುತ್ತಾನೆ. ಅಪ್ಪನಿಗೆ ಹೇಳಲು ಭಯ.
— ಹಾಸ್ಟೆಲ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ಅಪ್ಪನಿಗೆ ಫೋನ್ ಮಾಡಬೇಡ ತಮ್ಮಾ, ಮೊದಲು ಬಯೋಸ್ ತೆರೆದು ನೋಡು. ಅಲ್ಲಿ ಎಸ್‌ಎಸ್‌ಡಿಯ ಹೆಸರು, ಮಾಡೆಲ್ ಕಾಣುತ್ತಿದ್ದರೆ ಅದು ಜೀವಂತವಾಗಿದೆ. ನಿನ್ನದು ಕಾಣುತ್ತದೆ ಅಂತ ನನ್ನ ಅಂದಾಜು.

ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನೇರವಾಗಿ ಎದುರಿಗೆ ಕೂರುವುದಿಲ್ಲ. ವಿಎಂಡಿ ಅನ್ನುವ ಒಂದು ಕಂಟ್ರೋಲರಿನ ಹಿಂದೆ ಕೂರುತ್ತದೆ. ಆ ಬಾಗಿಲು ತೆರೆಯುವ ಡ್ರೈವರ್ ಮೈಕ್ರೋಸಾಫ್ಟಿನ ಪೆನ್‌ಡ್ರೈವಿನಲ್ಲಿ ಇರದಿದ್ದರೆ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ಮನೆಯಲ್ಲಿ ಜನ ಇದ್ದಾರೆ, ಬಾಗಿಲು ಹಾಕಿದೆ, ಅಷ್ಟೆ.

ಲ್ಯಾಪ್‌ಟಾಪ್ ತಿರುಗಿಸಿ ತಳದ ಸ್ಟಿಕ್ಕರಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆದುಕೋ. ಬೇರೆ ಕಂಪ್ಯೂಟರಿನಲ್ಲಿ ತಯಾರಕರ ವೆಬ್‌ಸೈಟಿನ ಸಪೋರ್ಟ್ ಪುಟಕ್ಕೆ ಹೋಗಿ, ಸ್ಟೋರೇಜ್ ಅನ್ನುವ ಕಡೆ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಅಂತ ಇರುವುದನ್ನು ಇಳಿಸಿಕೋ. ಎಲ್ಲರೂ ಮುಗ್ಗರಿಸುವುದು ಇದರ ನಂತರ. ಅದು ಇಎಕ್ಸ್‌ಇ ಫೈಲ್ ಆಗಿ ಬರುತ್ತದೆ, ಹಾಗೇ ಪೆನ್‌ಡ್ರೈವಿಗೆ ಹಾಕುತ್ತಾರೆ, ಇನ್‌ಸ್ಟಾಲರಿಗೆ ಅದನ್ನು ಬಿಚ್ಚಲು ಬರುವುದಿಲ್ಲ. ಮೊದಲೇ ಎಕ್ಸ್‌ಟ್ರ್ಯಾಕ್ಟ್ ಮಾಡಿ, ಒಳಗೆ ಐಎನ್‌ಎಫ್ ಅಂತ ಕೊನೆಯಾಗುವ ಫೈಲ್ ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಬೇಕು. ಆಮೇಲೆ ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸು. ಪಟ್ಟಿಯಲ್ಲಿ ವಿಎಂಡಿ ಅಂತ ಬಂದರೆ ಆರಿಸು. ಡಿಸ್ಕ್ ಬಂದು ಕೂರುತ್ತದೆ. ಅಂದಹಾಗೆ ಆ ಪರದೆಯಲ್ಲಿ ಟಚ್‌ಪ್ಯಾಡ್ ಕೂಡ ಕೆಲಸ ಮಾಡದೆ ಇರಬಹುದು, ಗಾಬರಿ ಬೇಡ. ರೂಮ್‌ಮೇಟ್ ಹತ್ತಿರ ಒಂದು ಯುಎಸ್‌ಬಿ ಮೌಸ್ ಇಸಿದುಕೋ. ಅಷ್ಟಾದರೂ ಉಪಕಾರ ಮಾಡಲಿ.

ಬಯೋಸಿನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ದಾರಿಯೂ ಇದೆ, ವಿಡಿಯೋಗಳಲ್ಲಿ ಅದನ್ನೇ ಜಾಸ್ತಿ ತೋರಿಸುತ್ತಾರೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದ ಮೇಲೇ ಆ ಆಯ್ಕೆ ಕಾಣುವುದು, ಕೆಲವದರಲ್ಲಿ ಇರುವುದೇ ಇಲ್ಲ. ಆಫ್ ಮಾಡಿದರೆ ಒಳಗಿರುವ ಹಳೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರಬಹುದು. ಹಳೆಯದರಿಂದ ಇನ್ನೂ ಏನಾದರೂ ತೆಗೆದುಕೊಳ್ಳುವುದಿದ್ದರೆ ಮುಟ್ಟಬೇಡ. ನಾನಂತೂ ಡ್ರೈವರ್ ದಾರಿಯನ್ನೇ ಹಿಡಿಯುತ್ತೇನೆ.

ಬಯೋಸ್ ಮುಟ್ಟುವ ಮೊದಲು ಇನ್ನೊಂದು ಕೆಲಸ. ನಿನ್ನ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಅನ್ನುವ ಡಿಸ್ಕಿನ ಬೀಗ ನಿನಗೆ ಗೊತ್ತಿಲ್ಲದೇ ಆನ್ ಆಗಿರಬಹುದು. ಅದರ ರಿಕವರಿ ಕೀ 48 ಅಂಕಿಯದು, ನೀನು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಖಾತೆ ತೆರೆದು ಅದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಇಳಿಸಿಕೋ. ಅದು ಇಲ್ಲದೆ ಬೀಗ ಬಿದ್ದರೆ ಒಳಗಿನ ಪ್ರಾಜೆಕ್ಟ್ ರಿಪೋರ್ಟ್ ಯಾರ ಕೈಗೂ ಸಿಗುವುದಿಲ್ಲ.

ಪ್ರಶ್ನೆ: ಅಕ್ಕಾರ, ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಡಿಟಿಪಿ ಮಾಡುವ ಸಿಸ್ಟಮ್‌ಗೆ ಹೊಸ 240 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಹಳೆ 500 ಜಿಬಿ ಹಾರ್ಡ್‌ಡಿಸ್ಕಿನಲ್ಲಿ ಹತ್ತು ವರ್ಷದ ಲಗ್ನಪತ್ರಿಕೆ ಫೈಲ್‌ಗಳಿವೆ. ಎಸ್‌ಎಸ್‌ಡಿಗೆ ವಿಂಡೋಸ್ ಹಾಕಲು ಹೋದರೆ "ಹೊಸ ಪಾರ್ಟಿಷನ್ ಮಾಡಲೂ ಆಗಲಿಲ್ಲ, ಇರುವುದು ಸಿಗಲೂ ಇಲ್ಲ" ಎಂಬಂತೆ ಎರರ್. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಹೊಡಿ ಎಂದು ಒಬ್ಬರು ಹೇಳಿದರು. ಹೊಡೆಯಲೇ?
— ಪ್ರೆಸ್ಸಿನವರು, ಗದಗ

ಉತ್ತರ: ಈಗಲೇ ಹೊಡೆಯಬೇಡಿ ಅಣ್ಣಾರ. ಡಿಸ್ಕ್‌ಪಾರ್ಟ್ ಅಂದರೆ ಕಮಾಂಡ್ ಹೊಡೆದು ಡಿಸ್ಕಿನ ಪಾಲುಗಳನ್ನು ಬದಲಿಸುವ ವಿಂಡೋಸಿನ ಸಾಧನ, ಕ್ಲೀನ್ ಅಂದರೆ ಆ ಪಾಲುಗಳ ದಾಖಲೆಯನ್ನೇ ಅಳಿಸುವ ಕಮಾಂಡ್. ನಾನು ಹೊಡೆದ ಕಥೆ ಹೇಳುತ್ತೇನೆ, ಕೇಳಿ.

2011ರ ಮಾತು. ನಮ್ಮೂರಿನ ಒಬ್ಬ ಫೋಟೋಗ್ರಾಫರ್ ಸಿಸ್ಟಮ್ ತಂದುಕೊಟ್ಟಿದ್ದರು. ಒಳಗೆ ಎರಡು ಡಿಸ್ಕ್, ಎರಡೂ 500 ಜಿಬಿ. ಒಂದರಲ್ಲಿ ವಿಂಡೋಸ್ ಕೆಟ್ಟಿತ್ತು, ಇನ್ನೊಂದರಲ್ಲಿ ಆ ಸೀಜನ್ನಿನ ಮದುವೆಗಳೆಲ್ಲ ಇದ್ದವು. ರಾತ್ರಿ ಒಂಬತ್ತಾಗಿತ್ತು, ಮನೆಯಲ್ಲಿ ಮಗುವಿಗೆ ಜ್ವರ. ಇನ್‌ಸ್ಟಾಲರಿನಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ ಕಪ್ಪು ಪರದೆ ತೆರೆದೆ. ಡಿಸ್ಕ್‌ಪಾರ್ಟ್, ಸೆಲೆಕ್ಟ್ ಡಿಸ್ಕ್ 1, ಕ್ಲೀನ್. ಲಿಸ್ಟ್ ಡಿಸ್ಕ್ ಹೊಡೆದು ನೋಡುವ ಗೋಜಿಗೂ ಹೋಗಲಿಲ್ಲ, ಮಧ್ಯಾಹ್ನ ನೋಡಿದ್ದೆನಲ್ಲ ಅಂತ. ಮಧ್ಯಾಹ್ನದ ಮೇಲೆ ನಾನೇ ಕೇಬಲ್ ಅದಲುಬದಲು ಮಾಡಿದ್ದು ಮರೆತೇಹೋಗಿತ್ತು. ಕ್ಲೀನ್ ಎರಡನೇ ಸಲ ಕೇಳುವುದಿಲ್ಲ. ಒಂದು ಸೆಕೆಂಡಿಗೆ ಮುಗಿಯಿತು.

ತಪ್ಪು ತಿಳಿದ ಮೇಲೆ ಎದೆ ಹೊಡೆದುಕೊಂಡದ್ದು ಇವತ್ತಿಗೂ ನೆನಪಿದೆ. ಆದರೆ ಒಂದು ಗಟ್ಟಿ ಕೆಲಸ ಮಾಡಿದೆ. ಆ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಲು ಬಿಡದೆ ತಕ್ಷಣ ಕಳಚಿದೆ. ಬರೀ ಕ್ಲೀನ್ ಅಂದರೆ ಪಹಣಿ ಹರಿದದ್ದು, ತೋಟ ಕಡಿದದ್ದಲ್ಲ. ಕ್ಲೀನ್ ಆಲ್ ಅಂತ ಹೊಡೆದಿದ್ದರೆ ಡಿಸ್ಕಿನುದ್ದಕ್ಕೂ ಸೊನ್ನೆ ಬರೆದು ತೋಟವನ್ನೇ ಉತ್ತುಬಿಡುತ್ತಿತ್ತು. ಬೇರೆ ಕಂಪ್ಯೂಟರಿಗೆ ಹಾಕಿ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನದಿಂದ ಹುಡುಕಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಹಳೆ ಪಾರ್ಟಿಷನ್ ಪಟ್ಟಿಯಲ್ಲಿ ಬಂತು, ದಾಖಲೆ ವಾಪಸ್ ಬರೆಸಿದೆ, ಫೋಟೋಗಳೆಲ್ಲ ಬಂದವು. ಆ ಪುಣ್ಯಾತ್ಮನಿಗೆ ಇದನ್ನು ಹೇಳಿದ್ದು ಮೂರು ವರ್ಷ ಆದ ಮೇಲೆ. ನಿಮ್ಮ ಎಸ್‌ಎಸ್‌ಡಿಯಲ್ಲಿ ಈ ಅದೃಷ್ಟ ನಂಬಬೇಡಿ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಒಳಗೊಳಗೇ ಗುಡಿಸಿಬಿಡುತ್ತದೆ.

ಅವತ್ತಿನಿಂದ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ. ವಿಂಡೋಸ್ ಹಾಕುವಾಗ ಒಂದೇ ಡಿಸ್ಕ್, ಉಳಿದವುಗಳ ಕೇಬಲ್ ಹೊರಗೆ.

ನಿಮ್ಮ ಎರರಿಗೂ ಮೊದಲ ಔಷಧಿ ಅದೇ. ಪವರ್ ಆಫ್ ಮಾಡಿ, ಪ್ಲಗ್ ತೆಗೆದು, ಹಳೆ ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ ಕಳಚಿ. ಮುಂದೆ ಚುಚ್ಚಿರುವ ಮೆಮೊರಿ ಕಾರ್ಡ್, ಇನ್ನೊಂದು ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಯಾವ ಡಿಸ್ಕಿನಿಂದ ಏಳಬೇಕು ಅನ್ನುವ ಗೊಂದಲಕ್ಕೇ ಇನ್‌ಸ್ಟಾಲರ್ ಈ ಎರರ್ ಕೊಡುವುದು ಜಾಸ್ತಿ. ಬಯೋಸಿನ ಬೂಟ್ ಆರ್ಡರಿನಲ್ಲಿ ಎಸ್‌ಎಸ್‌ಡಿಯನ್ನು ಮೊದಲು ಇಡಿ, ಪೆನ್‌ಡ್ರೈವನ್ನು ಬೂಟ್ ಮೆನುವಿನಿಂದ ಕೈಯಾರೆ ಆರಿಸಿ. ಹಳೆ ಬೋರ್ಡ್ ಆದರೆ ಪೆನ್‌ಡ್ರೈವನ್ನು ನೀಲಿ ಪೋರ್ಟಿನ ಬದಲು ಕಪ್ಪು ಪೋರ್ಟಿಗೆ ಹಾಕಿ ನೋಡಿ. ಕೇಳಿದರೆ ಮೂಢನಂಬಿಕೆ ಅನ್ನಿಸಬಹುದು, ಎಷ್ಟೋ ಸಲ ಅದರಿಂದಲೇ ಆಗಿದೆ. ಎಸ್‌ಎಸ್‌ಡಿಯಲ್ಲಿ ಪಾರ್ಟಿಷನ್ ಇದ್ದರೆ ಎಲ್ಲ ಡಿಲೀಟ್ ಮಾಡಿ ಅನ್‌ಅಲೊಕೇಟೆಡ್ ಅಂತ ಒಂದೇ ಸಾಲು ಉಳಿಸಿ. ನ್ಯೂ ಒತ್ತದೆ ಅದನ್ನೇ ಆರಿಸಿ ನೆಕ್ಸ್ಟ್ ಕೊಡಿ. ಬೇಕಾದ ಸಣ್ಣ ಪಾಲುಗಳನ್ನು ಅದೇ ಮಾಡಿಕೊಳ್ಳುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಆಗ ಡಿಸ್ಕ್‌ಪಾರ್ಟ್. ಹಾರ್ಡ್‌ಡಿಸ್ಕ್ ಹೊರಗಿದೆ, ಹೆದರಿಕೆ ಇಲ್ಲ. ಆದರೂ ಲಿಸ್ಟ್ ಡಿಸ್ಕ್ ಹೊಡೆದು ಗಾತ್ರ ನೋಡಿ. ನಿಮ್ಮ ಪೆನ್‌ಡ್ರೈವ್ ಕೂಡ ಆ ಪಟ್ಟಿಯಲ್ಲಿ ಇರುತ್ತದೆ. 240 ಜಿಬಿ ಎಸ್‌ಎಸ್‌ಡಿ ಅಲ್ಲಿ 223 ಜಿಬಿ ಅಂತ ಕಾಣುತ್ತದೆ. ಅದರ ನಂಬರ್ ನೋಡಿ ಸೆಲೆಕ್ಟ್ ಮಾಡಿ, ಕ್ಲೀನ್, ಆಮೇಲೆ ಕನ್ವರ್ಟ್ ಜಿಪಿಟಿ. ಎರಡು ಸಲ ಎಕ್ಸಿಟ್ ಕೊಟ್ಟು ಹೊರಬಂದು ರಿಫ್ರೆಶ್ ಒತ್ತಿ. ಸಿಸ್ಟಮ್ ಲೆಗಸಿಯಲ್ಲಿ ಮಾತ್ರ ಏಳುವಷ್ಟು ಹಳೆಯದಾಗಿದ್ದರೆ ಜಿಪಿಟಿ ಬದಲು ಎಂಬಿಆರ್.

ಹಾರ್ಡ್‌ಡಿಸ್ಕ್ ಕಳಚಿ ಅಂದದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಅದರಲ್ಲಿ ಹಳೆ ವಿಂಡೋಸಿನ ಬೂಟ್ ಪಾಲು ಇದ್ದರೆ, ಹೊಸ ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕೂತರೂ ಏಳುವ ಫೈಲ್‌ಗಳನ್ನು ಮಾತ್ರ ಹಾರ್ಡ್‌ಡಿಸ್ಕಿನಲ್ಲೇ ಬರೆದುಬಿಡಬಹುದು. ಎರಡು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಹಾರ್ಡ್‌ಡಿಸ್ಕ್ ಸಾಯುತ್ತದೆ, ಚೆನ್ನಾಗಿರುವ ಎಸ್‌ಎಸ್‌ಡಿಯೂ ಏಳುವುದಿಲ್ಲ. ಅದೂ ಸರಿಯಾಗಿ ಲಗ್ನದ ಸೀಜನ್ನಿನಲ್ಲೇ ಆಗುತ್ತದೆ, ಬರೆದಿಟ್ಟುಕೊಳ್ಳಿ.

ಪ್ರಶ್ನೆ: 2012ರ ಲ್ಯಾಪ್‌ಟಾಪ್. ನಾಲ್ಕು ಪಾರ್ಟಿಷನ್ ಇತ್ತು, ಐದನೆಯದು ಮಾಡಲು ಹೋದಾಗ ಏನೋ ಎಚ್ಚರಿಕೆ ಬಂತು, ಯೆಸ್ ಒತ್ತಿದೆ. ಈಗ ಹೊಸದಾಗಿ ವಿಂಡೋಸ್ ಹಾಕಲು ಹೋದರೆ ಡೈನಾಮಿಕ್ ಡಿಸ್ಕ್, ಆಗುವುದಿಲ್ಲ ಅನ್ನುತ್ತದೆ.
— ಗೃಹಿಣಿ, ಉಡುಪಿ

ಉತ್ತರ: ಮೇಷ್ಟ್ರಿಗೆ ಹೇಳಿದೆನಲ್ಲ, ಎಂಬಿಆರ್ ಪುಸ್ತಕದಲ್ಲಿ ನಾಲ್ಕೇ ಸಾಲು. ಐದನೆಯದಕ್ಕೆ ಜಾಗ ಇಲ್ಲದೆ ವಿಂಡೋಸ್ ಇಡೀ ಡಿಸ್ಕನ್ನೇ ಡೈನಾಮಿಕ್, ಅಂದರೆ ಪಾಲಿನ ಲೆಕ್ಕವನ್ನು ವಿಂಡೋಸ್ ತನ್ನದೇ ರೀತಿಯಲ್ಲಿ ಇಟ್ಟುಕೊಳ್ಳುವ ಬಗೆ, ಮಾಡಲಾ ಅಂತ ಕೇಳಿತು, ನೀವು ಹೂಂ ಅಂದಿರಿ. ವಿಂಡೋಸಿನ ಸ್ವಂತ ಸಾಧನದಲ್ಲಿ ಇದನ್ನು ಹಿಂದಕ್ಕೆ ತರಲು ಎಲ್ಲ ಪಾಲುಗಳನ್ನೂ ಅಳಿಸಲೇಬೇಕು. ಫೈಲ್‌ಗಳನ್ನು ಹೊರಗೆ ತೆಗೆದುಕೊಂಡು, ಡಿಸ್ಕ್ ಖಾಲಿ ಮಾಡಿ, ಮತ್ತೆ ಮಾಮೂಲಿ ಬೇಸಿಕ್ ಡಿಸ್ಕ್ ಮಾಡಿ. ಬೇರೆ ಕಂಪನಿಗಳ ಸಾಧನಗಳು ಡೇಟಾ ಉಳಿಸಿಕೊಡುತ್ತೇವೆ ಅನ್ನುತ್ತವೆ. ಒಂದೇ ಪ್ರತಿ ಇರುವ ಡೇಟಾ ಮೇಲೆ ನಾನು ಆ ಪ್ರಯೋಗ ಮಾಡುವುದಿಲ್ಲ.

ಆ ವಯಸ್ಸಿನ ಲ್ಯಾಪ್‌ಟಾಪ್ ವಿಂಡೋಸ್ 11ರ ಅರ್ಹತೆಗೆ ಬರುವುದಿಲ್ಲ. ಡಿಸ್ಕ್ ಖಾಲಿ ಮಾಡುವುದೇ ಆದರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿ. ಬ್ರೌಸಿಂಗ್, ಯೂಟ್ಯೂಬ್, ಯೂನಿಕೋಡ್ ಕನ್ನಡ ಟೈಪಿಂಗಿಗೆ ಏನೂ ತೊಂದರೆ ಇಲ್ಲ. ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು. ಹಾಗೆ ಓಡಿಸಿದಾಗಲೇ ಹಳೆ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಲು ಪ್ರಯತ್ನಿಸಬಹುದು, ವಿಂಡೋಸ್ ಏಳದಿದ್ದರೂ.

ಪ್ರಶ್ನೆ: 1 ಟಿಬಿ ಎಸ್‌ಎಸ್‌ಡಿಗೆ ದುಡ್ಡು ಕೊಟ್ಟೆ. ಇನ್‌ಸ್ಟಾಲರಿನಲ್ಲಿ 931 ಜಿಬಿ ಅಂತ ತೋರಿಸುತ್ತಿದೆ. ಅಂಗಡಿಯವನು 69 ಜಿಬಿ ನುಂಗಿದನೇ?
— ಮೋಸ ಹೋದೆನೆಂದುಕೊಂಡವರು, ದಾವಣಗೆರೆ

ಉತ್ತರ: ಪಾಪ, ಅವರ ತಪ್ಪಿಲ್ಲ. ಡಿಸ್ಕ್ ಮಾಡುವವರು 1 ಕೆಬಿ ಅಂದರೆ 1000 ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. 1 ಟಿಬಿ ಅಂತ ಅವರು ಒಂದು ಲಕ್ಷ ಕೋಟಿ ಬೈಟ್ ಕೊಟ್ಟಿದ್ದಾರೆ. ಅದನ್ನು 1024ರಿಂದ ಮೂರು ಸಲ ಭಾಗಿಸಿ ನೋಡಿ, 931 ಬರುತ್ತದೆ. ಹೋಗಿ ಜಗಳ ಮಾಡಿ ಬಂದಿದ್ದರೆ ಇನ್ನೊಂದು ಸಲ ಹೋದಾಗ ಒಂದು ಮೌಸ್‌ಪ್ಯಾಡನ್ನಾದರೂ ಕೊಂಡುಕೊಳ್ಳಿ.

ಪ್ರಶ್ನೆ: ಡ್ರೈವ್‌ಗಳು ಸಿಯಿಂದಲೇ ಯಾಕೆ ಶುರುವಾಗುತ್ತವೆ? ಎ, ಬಿ ಎಲ್ಲಿ ಹೋದವು?
— ಒಂಬತ್ತನೇ ತರಗತಿ ಹುಡುಗಿ, ಸಿರ್ಸಿ

ಉತ್ತರ: ಅವು ಫ್ಲಾಪಿಗೆ, ಅಂದರೆ ಹಿಂದೆ ಫೈಲ್ ಹಾಕಿಕೊಳ್ಳುತ್ತಿದ್ದ ಚಪ್ಪಟೆ ಡಿಸ್ಕಿಗೆ ಮೀಸಲಾಗಿದ್ದವು ಪುಟ್ಟಾ. ಮೊದಲು ಫ್ಲಾಪಿ ಇತ್ತು, ಹಾರ್ಡ್‌ಡಿಸ್ಕ್ ಆಮೇಲೆ ಬಂತು, ಅದಕ್ಕೆ ಮೂರನೇ ಅಕ್ಷರ ಸಿಕ್ಕಿತು. ಒಂದು ಫ್ಲಾಪಿಯಲ್ಲಿ 1.44 ಎಂಬಿ ಹಿಡಿಯುತ್ತಿತ್ತು. ನಿನ್ನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರೊಳಗೆ ಕೂರುವುದು ಕಷ್ಟ. ಅಂಗಡಿಯ ಅಟ್ಟದ ಮೇಲೆ ಇನ್ನೂ ಒಂದು ಡಬ್ಬಿ ಇದೆ, ತಿಪಟೂರಿಗೆ ಬಂದರೆ ತೋರಿಸುತ್ತೇನೆ.